ಮಹೇಶ್ವರಿ ಕಿತ್ತು ಹಾಕಿದ ಮುಳುಗುಗಳು

ಅಗಡಿಯ ಮಹೇಶ್ವರಿ ಸಮುದ್ರ ಕಂಡವಳಲ್ಲ. ಗೋಕರ್ಣಕ್ಕೆ ಹೋಗಲೆಂದು ಮೂರು ಸಲ ಬುತ್ತಿ ಕಟ್ಟಿದ್ದಳು. ಒಮ್ಮೆ ಅತ್ತೆಗೆ ಜ್ವರ ಬಂತು, ಒಮ್ಮೆ ಮಗಳ ಪರೀಕ್ಷೆ ಅಡ್ಡಬಂತು, ಒಮ್ಮೆ ಬಸ್ಸೇ ಬರಲಿಲ್ಲ. ಮೂರು ಸಲವೂ ಬುತ್ತಿಯನ್ನು ಮನೆಯ ಕಟ್ಟೆಯ ಮೇಲೆ ಕೂತೇ ತಿಂದದ್ದಾಯಿತು. ಹಾಗಿದ್ದೂ ಈಕೆ ಹಾವೇರಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಕೂತು, ಹನ್ನೊಂದು ತಿಂಗಳು ತಿಮಿಂಗಿಲಗಳ ಊಟಕ್ಕೆ ಗುರುತು ಹಾಕಿದಳು.

ಕೇಳಿದವರು ನಗುತ್ತಾರೆ. ಗಂಡ ಫಕ್ಕೀರಪ್ಪನೂ ನಕ್ಕಿದ್ದ. ಅವನು ಅಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಮನುಷ್ಯ. ಕಣ್ಣಿಗೆ ಕಾಣದ್ದನ್ನು ನಂಬುವ ಪೈಕಿ ಅಲ್ಲ.

“ನೀರಿನ್ಯಾಗಿರೂ ಮೀನ ಏನ್ ತಿಂದ್ವು ಅನ್ನೂದು ನಿನಗ ಹ್ಯಾಂಗ ಗೊತ್ತಾಗತೈತಿ? ನನ್ನ ತಾಟಿನ್ಯಾಗ ಉಪ್ಪು ಕಡಿಮಿ ಆಗಿದ್ದು ಗೊತ್ತಾಗೂದಿಲ್ಲ.”

“ಅವು ಮೀನಲ್ಲ. ಮರಿಗೆ ಹಾಲು ಕುಡಸತಾವು, ನಮ್ಮಂಗ,” ಎಂದು ಆಕೆ ಅವನ ಬಾಯಿ ಮುಚ್ಚಿಸಿದ್ದಳು.

ಕೆಲಸ ಹೇಳಿದರೆ ಸರಳ. ದೂರದ ಉತ್ತರದ ತಣ್ಣನೆಯ ಸಮುದ್ರದಲ್ಲಿ ವಿಜ್ಞಾನಿಗಳು ಸಣ್ಣ ದೋಣಿಯಲ್ಲಿ ತಿಮಿಂಗಿಲದ ಹತ್ತಿರ ಹೋಗಿ, ಉದ್ದನೆಯ ಕೋಲಿನಿಂದ ಅದರ ಬೆನ್ನಿಗೆ ಒಂದು ಟ್ಯಾಗ್ ಕೂರಿಸುತ್ತಾರೆ. ಅಂಗೈಯಗಲದ ಯಂತ್ರ. ತಿಮಿಂಗಿಲ ಎಷ್ಟು ಆಳಕ್ಕೆ ಇಳಿಯಿತು, ಎಷ್ಟು ಜೋರಾಗಿ ಹೋಯಿತು, ಎಲ್ಲಿ ಹೊರಳಿತು ಎಂಬುದನ್ನೆಲ್ಲ ಆ ಯಂತ್ರ ಬರೆದಿಟ್ಟುಕೊಂಡು, ತಿಮಿಂಗಿಲ ಉಸಿರಿಗೆಂದು ಮೇಲೆ ಬಂದಾಗ ಉಪಗ್ರಹಕ್ಕೆ ಕಳಿಸುತ್ತದೆ. ಹಾವೇರಿಯ ಕಂಪ್ಯೂಟರಿನ ಮೇಲೆ ಅದು ಗೆರೆಯಾಗಿ ಬರುತ್ತದೆ. ಗೆರೆ ಕೆಳಗಿಳಿದು ಮೇಲೆ ಬಂದರೆ ಅದು ಒಂದು ಮುಳುಗು. ಮುಳುಗಿನ ತಳದಲ್ಲಿ ವೇಗ ಒಮ್ಮೆಲೇ ಏರಿ ತಟ್ಟನೆ ನಿಂತರೆ, ಅಲ್ಲಿ ತಿಮಿಂಗಿಲ ನುಗ್ಗಿ ಬಂದು, ಬಾಯಿ ತೆರೆದು, ಒಂದು ಕೋಣೆಯಷ್ಟು ನೀರನ್ನು ಮೀನಿನ ಸಮೇತ ಒಳಗೆಳೆದುಕೊಂಡಿದೆ ಎಂದು ಅರ್ಥ. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಒಂದು ಹೆಸರಿದೆ. ಮಾಳಿಗೆಯ ಮಂದಿ ಅದನ್ನು ತುತ್ತು ಅಂದರು. ಮುಳುಗಿಗೆ ನೀಲಿ ಗುರುತು, ತುತ್ತಿಗೆ ಕೆಂಪು.

ಈ ಕೆಲಸವನ್ನು ಹಾವೇರಿಗೆ ತಂದವಳು ಪ್ರಿಯಾಂಕಾ. ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮಗಳು. ಓದಿ ಓದಿ ತಿಮಿಂಗಿಲದವರ ತಂಡ ಸೇರಿದವಳು. ಅಲ್ಲಿಯವರು ಮಲಗುವ ಹೊತ್ತಿಗೆ ನಮ್ಮಲ್ಲಿ ಬೆಳಗಾಗುತ್ತದಲ್ಲ, ಅಲ್ಲಿ ಸಂಜೆ ಬಂದ ಗೆರೆಗಳಿಗೆ ಇಲ್ಲಿ ಹಗಲಲ್ಲಿ ಗುರುತು ಬಿದ್ದರೆ ಅಲ್ಲಿ ಮುಂಜಾನೆ ಎದ್ದವರ ಕೈಗೆ ತಯಾರು ಸಿಗುತ್ತದೆ ಎಂದು ಆಕೆ ಲೆಕ್ಕ ಹಾಕಿದಳು. ಮಾಳಿಗೆಯ ಆಫೀಸು ಮನೋಹರನದು. ಅಲ್ಲಿ ಒಂಬತ್ತು ಮಂದಿ. ಮೊದಲನೆಯ ಕೈ ಗುರುತು ಹಾಕುತ್ತದೆ, ಎರಡನೆಯ ಕೈ ತಪ್ಪು ಹುಡುಕಿ ತಿದ್ದುತ್ತದೆ. ಟ್ಯಾಗು ಅಲುಗಿ ಸುಮ್ಮಸುಮ್ಮನೆ ಗೆರೆ ಕುಣಿದಿದ್ದರೆ ಅದನ್ನು ಅಳಿಸಲು ಒಂದು ಗುಂಡಿ ಇತ್ತು. ಅದಕ್ಕೆ ಕಸ ಎಂದು ಹೆಸರು. ಮಹೇಶ್ವರಿ ಆ ಆಫೀಸಿನ ಎರಡನೆಯ ಕೈ.

ಆಕೆಗೆ ಆ ಜಾಗ ಸುಮ್ಮನೆ ಸಿಕ್ಕಿದ್ದಲ್ಲ. ಹೊಸರಿತ್ತಿಯಲ್ಲಿ ಹುಟ್ಟಿ, ಅಲ್ಲೇ ಶಾಲೆ ಕಲಿತು, ಅಗಡಿಗೆ ಸೊಸೆಯಾಗಿ ಬಂದವಳು, ಹದಿಮೂರು ವರ್ಷ ರಾಣೆಬೆನ್ನೂರಿನ ಬೀಜದ ಪ್ಲಾಟುಗಳಲ್ಲಿ ಮೇಸ್ತ್ರಿಯಾಗಿದ್ದಳು. ಬೆಂಡೆ, ಟೊಮೆಟೊ, ಮೆಣಸು. ಬೀಜದ ಬೆಳೆ ಎಂದರೆ ತಿನ್ನುವ ಬೆಳೆಯ ಹಾಗಲ್ಲ. ಸಾಲಿನಲ್ಲಿ ಒಂದು ಗಿಡ ಬೇರೆ ಜಾತಿಯದು ನಿಂತರೂ ಅದರ ಪರಾಗ ಹಾರಿ ಹೊಲವಿಡೀ ಕೆಡುತ್ತದೆ. ಹಾಗಾಗಿ ಹೂ ಬಿಡುವ ಮೊದಲೇ ಸಾಲುಸಾಲು ನಡೆದು, ಎಲೆಯ ಅಂಚು, ಕಾಂಡದ ಬಣ್ಣ, ಎತ್ತರ ನೋಡಿ, ಹೊಂದದ ಗಿಡವನ್ನು ಬುಡಸಮೇತ ಕಿತ್ತು ಒಗೆಯಬೇಕು. ಬೆರಕೆ ತೆಗೆಯುವುದು ಅಂತಾರೆ ಅದಕ್ಕೆ. ಬೇರೆಯವರು ನಿಂತು, ಬಗ್ಗಿ, ಎಲೆ ತಿರುವಿ ನೋಡಿದರೆ ಈಕೆ ನಡೆಯುತ್ತ ನಡೆಯುತ್ತ ಕಿತ್ತುಬಿಡುತ್ತಿದ್ದಳು. ಅನುಮಾನ ಬಂದರೆ ಕಿತ್ತು ಒಗಿ, ಒಳ್ಳೆಯದೊಂದು ಹೋದರೂ ಹೋಗಲಿ, ಕೆಟ್ಟದ್ದೊಂದು ಉಳಿಯಬಾರದು: ಇದು ಪ್ಲಾಟಿನ ಕಾನೂನು. ಬೀಜ ಪರೀಕ್ಷೆಗೆ ಬಂದ ಅಧಿಕಾರಿಗಳು, “ಇದು ಮಹೇಶ್ವರಿ ನಡೆದ ಹೊಲ ಏನ್ರಿ? ಹಂಗಾರ ಒಳಗ ಹೋಗೂದ ಬ್ಯಾಡ,” ಎಂದು ಬದುವಿನ ಮೇಲಿಂದಲೇ ಸಹಿ ಹಾಕಿ ಹೋಗುತ್ತಿದ್ದರು. ಈ ಮಾತನ್ನು ಆಕೆ ನೂರು ಸಲ ಹೇಳಿಕೊಂಡಿದ್ದಾಳೆ. ಊರಿನ ನಮಗೆಲ್ಲ ಕೇಳಿ ಕೇಳಿ ಸಾಕಾಗಿದೆ.

ಬಗ್ಗಿ ಬಗ್ಗಿ ಮೊಣಕಾಲು ಹೋದವು. ಡಾಕ್ಟರು ಹೊಲದ ಕೆಲಸ ಸಾಕು ಎಂದರು. ಬಿ.ಎ. ಮುಗಿಸಿದ್ದಳು, ಕಂಪ್ಯೂಟರೂ ಒಂದಿಷ್ಟು ಬರುತ್ತಿತ್ತು. ಮನೋಹರನ ಮಾಳಿಗೆ ಹತ್ತಿದಳು. ಮೂರೇ ತಿಂಗಳಲ್ಲಿ ಎರಡನೆಯ ಕೈ ಆದಳು.

ಕೆಲಸ ಬದಲಾದರೂ ಕಣ್ಣು ಬದಲಾಗಲಿಲ್ಲ, ತೊಂದರೆ ಅಲ್ಲಿಂದಲೇ ಶುರು. ಗೆರೆಗಳು ಆಕೆಗೆ ಸಾಲುಗಳ ಹಾಗೆ ಕಂಡವು. ಚಂದದ ಮುಳುಗುಗಳು ಒಂದರ ಪಕ್ಕ ಒಂದು ಒಂದೇ ಆಳಕ್ಕೆ ಇಳಿದು, ತಳದಲ್ಲಿ ನಾಲ್ಕೋ ಐದೋ ತುತ್ತು ತಿಂದು, ಮೇಲೆ ಬರುತ್ತಿದ್ದವು. ನಡುವೆ ಅಲ್ಲೊಂದು ಇಲ್ಲೊಂದು ಕುಂಟು ಮುಳುಗು ಕಾಣುತ್ತಿತ್ತು: ಅರ್ಧಕ್ಕೇ ತಿರುಗಿದ್ದು, ತುತ್ತಿಲ್ಲದ್ದು, ಸೊಟ್ಟದ್ದು. ಕಂಡ ಕೂಡಲೇ ಬೆರಳು ಕಸದ ಗುಂಡಿಗೆ ಹೋಗುತ್ತಿತ್ತು. ಯಂತ್ರ ತಪ್ಪಿರಬೇಕು ಎಂದು ಆಕೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಯಂತ್ರ ತಪ್ಪಿತೋ ಇಲ್ಲವೋ ನೋಡಲು ಬೇರೆ ಒಂದು ಗೆರೆ ಇತ್ತು, ಅದನ್ನು ತೆರೆದು ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ಆಕೆಯ ಕೈ ದಾಟಿದ ಫೈಲು ಬಾಚಿದ ತಲೆಯ ಹಾಗೆ ಇರುತ್ತಿತ್ತು. ಪ್ರಿಯಾಂಕಾ ಪರದೆಯ ಮೇಲೆ ಬಂದು, “ಹಾವೇರಿ ಫೈಲ್ ಅಂದ್ರ ಇಲ್ಲಿ ಎಲ್ಲಾರೂ ಖುಷಿ ಆಗತಾರ್ರಿ, ಅಷ್ಟು ಸ್ವಚ್ಛ ಇರತಾವು,” ಅಂದಳು. ಮನೋಹರ ಎಲ್ಲರ ಎದುರಿಗೆ ಶಾಲು ಹೊದಿಸಿದ. ಮಹೇಶ್ವರಿ ಆ ಶಾಲು ಹೊದ್ದೇ ಬಸ್ಸು ಹತ್ತಿ ಅಗಡಿಗೆ ಹೋದಳು. ಏಪ್ರಿಲ್ ತಿಂಗಳು, ಕಂಡಕ್ಟರು ಕೂಡ ಬೆವರಿ ಬಸಿಯುತ್ತಿದ್ದ.

ಕರ್ಜಗಿಯ ದುರ್ಗಾ ಸೇರಿದ್ದು ಆಮೇಲೆ. ಇಪ್ಪತ್ತೆರಡರ ಹುಡುಗಿ, ತಂದೆ ಇಲ್ಲ, ತಾಯಿ ಕರಿಯವ್ವ ಹೊಲಕ್ಕೆ ಹೋಗುತ್ತಾಳೆ. ದುರ್ಗಾಳಿಗೆ ಕೆಲಸ ಕೊಡಿಸಿದವಳೂ, ಕಲಿಸಿದವಳೂ ಮಹೇಶ್ವರಿಯೇ. ಮಾತು ಕಡಿಮೆ, ನೋಟ ಜಾಸ್ತಿ. ಆಫೀಸಿನ ಒಂದು ಪದ್ಧತಿ ಹೇಳಬೇಕು: ಮೊದಲನೆಯ ಕೈ ಗುರುತು ಮುಗಿಸಿ ಚಹಾಕ್ಕೆಂದು ಎದ್ದರೆ, ಎರಡನೆಯ ಕೈ ಅದೇ ಕುರ್ಚಿಯಲ್ಲಿ ಕೂತು ತಿದ್ದಿಬಿಡುತ್ತಿತ್ತು. ಕಂಪ್ಯೂಟರಿನಲ್ಲಿ ಹೆಸರು ಬದಲಿಸಿ ಒಳಹೋಗುವ ಕಷ್ಟ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಮಾಡಿದ್ದು ಇಬ್ಬರಾದರೂ ದಾಖಲೆಯಲ್ಲಿ ಒಂದೇ ಹೆಸರು ಉಳಿಯುತ್ತಿತ್ತು.

ಹದಿನೇಳನೆಯ ನಂಬರಿನ ತಿಮಿಂಗಿಲ ಬಂದದ್ದು ಒಂದು ಸೋಮವಾರ. ಎಂದೂ ಗಂಭೀರಳಾಗದ ಪ್ರಿಯಾಂಕಾ ಅಂದು ಮುಖ ಬಿಗಿದುಕೊಂಡು ಪರದೆಯ ಮೇಲೆ ಬಂದಳು.

“ಇದರ ದವಡಿಗೆ ಮೀನಗಾರರ ಹಗ್ಗ ಸುತಗೊಂಡೈತ್ರಿ. ಹೆಣ್ಣದು. ಬಿಡಸೂ ಮಂದಿ ತಯಾರ ಅದಾರ, ಆದ್ರ ಗಾಳಿ ಭಾಳ ಐತಿ, ದೋಣಿ ಮಗಚಬಹುದು. ಅದು ಉಣ್ಣಾಕತ್ತಿದ್ರ ಗಾಳಿ ನಿಲ್ಲೂತನ ಕಾಯತೀವಿ. ಉಣ್ಣಾಕತ್ತಿಲ್ಲ ಅಂದ್ರ ಜೀವದ ಹಂಗ ಬಿಟ್ಟು ಹೋಗಬೇಕು. ದಿನಾ ಸಂಜಿಕ ನೀವು ಇಷ್ಟ ಹೇಳ್ರಿ ನಮಗ: ಉಣ್ಣಾಕತ್ತೈತೋ, ಇಲ್ಲೋ.”

ಫೈಲು ದುರ್ಗಾಳ ಪಾಲಿಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಆಕೆ ಮಹೇಶ್ವರಿಯನ್ನು ಕರೆದಳು.

“ಅಕ್ಕಾರ, ಇಲ್ಲಿ ನೋಡ್ರಿ. ತುತ್ತಿನಂಗ ಸುರು ಆಗತಾವು, ಜೋರ ಓಡಿ ಬರತೈತಿ, ಆಮ್ಯಾಲೆ ನಿಲ್ಲೂದ ಇಲ್ಲ. ಹಂಗ ಸೊಟ್ಟ ತಿರುಗಿ ಮ್ಯಾಲ ಬರತೈತಿ. ಇಂಥಾವು ಮೂವತ್ತನಾಕು ಅದಾವು. ನೀಲಿ ಹಾಕೇನಿ. ಕೆಂಪು ಹಾಕಲ್ಯೋ ಬ್ಯಾಡೋ?”

“ಬಿಡವಾ, ನೀ ಚಾ ಕುಡದ ಬಾ. ನಾ ನೋಡತೀನಿ.”

ಮಹೇಶ್ವರಿ ಆ ಕುರ್ಚಿಯಲ್ಲಿ ಕೂತಳು. ಆರು ಮುಳುಗು ಚಂದ ಇದ್ದವು, ಆಳವಾಗಿ ಇಳಿದು, ತಳದಲ್ಲಿ ಒಂದೊಂದಾದರೂ ಕೆಂಪು. ಉಳಿದ ಮೂವತ್ತನಾಲ್ಕೂ ಕುಂಟು, ಸಣ್ಣವು, ಒಂದರ ಹಾಗೆ ಒಂದಿಲ್ಲ. ಇಷ್ಟೊಂದು ಬೆರಕೆ ಇರುವ ಸಾಲನ್ನು ಆಕೆ ಹದಿಮೂರು ವರ್ಷದಲ್ಲಿ ಕಂಡಿರಲಿಲ್ಲ. ಹಗ್ಗ ಎಳೆದು ಟ್ಯಾಗು ಅಲುಗಿರಬೇಕು ಎಂದುಕೊಂಡಳು. ಬೆರಳು ಹೋಗಿಯೇಬಿಟ್ಟಿತು. ಚಹಾ ಆರುವುದರೊಳಗೆ ಮೂವತ್ತನಾಲ್ಕೂ ಕಸಕ್ಕೆ ಹೋದವು. ಉಪಗ್ರಹಕ್ಕೆ ಸಿಗದ ಹೊತ್ತು ಖಾಲಿ ಕಾಣುವುದು ಎಲ್ಲ ಫೈಲಿನಲ್ಲೂ ಇದ್ದದ್ದೇ, ಹಾಗಾಗಿ ಖಾಲಿ ಜಾಗ ಯಾರ ಕಣ್ಣನ್ನೂ ಚುಚ್ಚಲಿಲ್ಲ. ಉಳಿದ ಆರನ್ನು ನೋಡಿದರೆ ತಿಮಿಂಗಿಲ ಮುಳುಗಿದಷ್ಟು ಸಲವೂ ತಿಂದಿದೆ. ಸಂಜೆ ಮನೋಹರ ಬರೆದು ಕಳಿಸಿದ: ಉಣ್ಣುತ್ತಿದೆ.

ಮಂಗಳವಾರ ಮೂವತ್ತಮೂರು ಕಿತ್ತಳು. ಉಣ್ಣುತ್ತಿದೆ. ಬುಧವಾರ ಮೂವತ್ತೈದು. ಉಣ್ಣುತ್ತಿದೆ.

ಗುರುವಾರ ಬೆಳಿಗ್ಗೆ ಬಂದ ಗೆರೆಯಲ್ಲಿ ಒಂದೂ ಮುಳುಗು ಇರಲಿಲ್ಲ. ನೀರಿನ ಮೇಲ್ಮಟ್ಟದಲ್ಲೇ ಗೆರೆ ಸಪಾಟಾಗಿ, ಅಲೆಗೆ ಸ್ವಲ್ಪ ಸ್ವಲ್ಪ ಅಲುಗುತ್ತ, ಪರದೆಯ ಈ ಕಡೆಯಿಂದ ಆ ಕಡೆಗೆ ಹೋಗಿತ್ತು. ದುರ್ಗಾ ಗೆರೆಯನ್ನು ಸರಿಸುತ್ತ ಸರಿಸುತ್ತ ಕೊನೆಯ ತನಕ ನೋಡಿ, ಕೈಯನ್ನು ಮೌಸಿನ ಮೇಲಿಂದ ತೆಗೆದಳು. ಉಳಿದವರೆಲ್ಲ ಆ ಕುರ್ಚಿಯ ಹಿಂದೆ ಬಂದು ನಿಂತರು. ಹೀಗೆಂದರೆ ಏನು ಎಂದು ಯಾರಿಗೂ ಯಾರೂ ಹೇಳಬೇಕಾಗಲಿಲ್ಲ.

ಶುಕ್ರವಾರ ಪರದೆಯ ಮೇಲೆ ಪ್ರಿಯಾಂಕಾಳ ಪಕ್ಕದಲ್ಲಿ ಇನ್ನಿಬ್ಬರು ವಿದೇಶಿಯರು ಕೂತಿದ್ದರು. ಅಳಿಸಿದ್ದೂ ಮೂಲದ ದಾಖಲೆಯಲ್ಲಿ ಉಳಿದಿರುತ್ತದೆ. ಅದನ್ನು ಅವರು ತೆರೆದಿದ್ದರು.

“ಮೂರು ದಿನದಾಗ ನೂರಾ ಎರಡು ಮುಳುಗು ಕಸಕ್ಕ ಹೋಗ್ಯಾವು. ಕಸ ಅಲ್ರಿ ಅವು. ದುರ್ಗಾ ಅನ್ನೋರ ಹೆಸರಿನ್ಯಾಗ ಆಗೇತಿ. ಯಾಕ ತಗದ್ರಿ ಅಂತ ಕೇಳಬೇಕಾಗೇತಿ ನಮಗ.”

ದುರ್ಗಾ ಎದ್ದು ನಿಂತಳು. “ನಾ ತಗದಿಲ್ರಿ. ನಾ ನೀಲಿ ಹಾಕಿದ್ದೆ.”

“ಹೆಸರು ನಿಂದ ಐತಲ್ಲವಾ,” ಅಂದ ಮನೋಹರ. ಆಫೀಸು ಕೈಬಿಟ್ಟು ಹೋಗುವ ಹೆದರಿಕೆಗೆ ಅವನ ಧ್ವನಿ ಗಡಸಾಗಿತ್ತು. “ಮಹೇಶ್ವರಕ್ಕಾರ, ಆಕಿಗೆ ಕಲಸಿದವರು ನೀವು. ನೀವ ಹೇಳ್ರಿ.”

ದುರ್ಗಾ ಆಕೆಯ ಮುಖ ನೋಡಿದಳು. ಪರದೆಯೊಳಗಿನ ಮೂರು ಮುಖಗಳೂ ಆಕೆಯನ್ನೇ ನೋಡಿದವು. ಬದುವಿನ ಮೇಲಿಂದಲೇ ಸಹಿ ಹಾಕಿಸಿಕೊಂಡವಳು, ಶಾಲು ಹೊದ್ದು ಬಸ್ಸು ಹತ್ತಿದವಳು, ದುರ್ಗಾಳ ಕಡೆಯಿಂದ ಮುಖ ತಿರುಗಿಸಿದಳು.

“ಹೊಸಾ ಹುಡುಗಿ ನೋಡ್ರಿ,” ಅಂದಳು. “ಕೈ ತಪ್ಪಿರಬೇಕು.”

ಇದನ್ನು ಹೇಳುವಾಗ ನನಗೂ ಮೈ ಉರಿಯುತ್ತದೆ. ಮೂರು ದಿನ ಆಕೆ ಮಾಡಿದ್ದು ತಪ್ಪು, ಒಪ್ಪೋಣ; ಯಾರಿಗೂ ಕೆಟ್ಟದ್ದು ಬಯಸಿ ಮಾಡಿದ್ದಲ್ಲ. ಶುಕ್ರವಾರ ಆಡಿದ್ದು ಬರೀ ತಪ್ಪಲ್ಲ, ಅದು ಬೇರೆಯೇ. ಅದನ್ನು ಆಕೆಯೂ ಆ ಕ್ಷಣವೇ ಬಲ್ಲಳು. ದುರ್ಗಾ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಕುರ್ಚಿಯನ್ನು ಮೇಜಿನ ಒಳಕ್ಕೆ ಸರಿಸಿಟ್ಟು, ಮೆಟ್ಟಿಲಿಳಿದು ಹೋದಳು. ಮನೋಹರ ಸಮಾಧಾನದ ಉಸಿರು ಬಿಟ್ಟು, “ನೀವು ಇದ್ದದ್ದಕ್ಕ ಉಳದೇವಿ ಅಕ್ಕಾರ,” ಎಂದ.

ಆ ರಾತ್ರಿ ಮಹೇಶ್ವರಿ ರೊಟ್ಟಿ ಸುಡಲು ಕೂತು ಮೂರು ಕರಕು ಮಾಡಿದಳು. ಫಕ್ಕೀರಪ್ಪ ಕರಕನ್ನೇ ಮುರಿದು ತಿನ್ನುತ್ತ, “ಏನಾಗೇತಿ?” ಎಂದು ಕೇಳಿದ. “ಒಂದು ತಿಮಿಂಗಿಲ ಸತ್ತೈತಿ,” ಎಂದಳು. ಅವನು ನಗಲಿಲ್ಲ. “ಪಾಪ,” ಎಂದ. ಆ ಒಂದು ಪಾಪ ಎಂಬ ಮಾತು ಆಕೆಗೆ ಬೈಗುಳಕ್ಕಿಂತ ಹೆಚ್ಚಿಗೆ ತಾಗಿತು. ಉಳಿದ ಅರ್ಧವನ್ನು ಅವನಿಗೆ ಹೇಳಲಾಗಲಿಲ್ಲ. ಶನಿವಾರ ಆಫೀಸಿನಲ್ಲಿ ಎಲ್ಲರೂ ಎಂದಿಗಿಂತ ಹೆಚ್ಚು ಮರ್ಯಾದೆ ಕೊಟ್ಟರು. ದುರ್ಗಾಳ ಕುರ್ಚಿಯ ಪಕ್ಕ ಹಾದುಹೋಗುವಾಗಲೆಲ್ಲ ಆಕೆ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಹದಿನೇಳನೆಯ ನಂಬರಿನ ಮೂಲ ಗೆರೆಯನ್ನು ತೆರೆದು, ಮೊದಲೇ ನೋಡಬೇಕಿದ್ದ ಇನ್ನೊಂದು ಗೆರೆಯನ್ನೂ ಆಗ ನೋಡಿದಳು. ಟ್ಯಾಗು ಅಲುಗಿರಲಿಲ್ಲ. ಆ ನೂರಾ ಎರಡು ಸಲವೂ ತಿಮಿಂಗಿಲ ಮೀನಿನ ಮೇಲೆ ನುಗ್ಗಿತ್ತು. ಬಾಯಿ ತೆರೆಯಲು ಹಗ್ಗ ಬಿಟ್ಟಿರಲಿಲ್ಲ. ಬಾಯಿ ತೆರೆದರೆ ತಾನೆ ನೀರು ತುಂಬಿ ವೇಗ ತಟ್ಟನೆ ನಿಲ್ಲುವುದು? ದುರ್ಗಾ ಕೇಳಿದ್ದು ಅದನ್ನೇ. ಬೆರಳು ತೋರಿಸಿ ಕೇಳಿದ್ದಳು.

ಭಾನುವಾರ ಕರ್ಜಗಿಯ ಬಸ್ಸು ಹತ್ತಿದಳು. ಹುಡುಗಿಯ ಕೈ ಹಿಡಿದು ಕ್ಷಮೆ ಕೇಳಿ, ಬೇರೆ ಎಲ್ಲಾದರೂ ಕೆಲಸ ಕೊಡಿಸುವ ಮಾತಾಡಿ ಬಂದರೆ ಎದೆ ಹಗುರಾದೀತು ಎಂಬುದು ಆಕೆಯ ಯೋಚನೆ. ತನ್ನ ಹೆಸರೂ ಉಳಿಯಬೇಕು, ಎದೆಯೂ ಹಗುರಾಗಬೇಕು. ಮನುಷ್ಯರು ಹೀಗೇ.

ಮನೆಯಲ್ಲಿ ದುರ್ಗಾ ಇರಲಿಲ್ಲ, ನೀರಿಗೆ ಹೋಗಿದ್ದಳು. ಕರಿಯವ್ವ ಬಾಗಿಲಲ್ಲಿ ಆಕೆಯನ್ನು ಕಂಡದ್ದೇ ಸೆರಗು ಹೊದ್ದುಕೊಂಡು ಓಡಿಬಂದು, ಬೇಡ ಬೇಡ ಎನ್ನುವುದರೊಳಗೆ ಕಾಲಿಗೆ ಬಿದ್ದಳು.

“ನಮ್ಮ ಹುಡುಗಿ ನಿಮ್ಮ ಹೆಸರಿಗೆ ಮಸಿ ಬಳದ್ಲಲ್ರಿ ಅಕ್ಕಾರ! ನೀವು ನಂಬಿ ಕರಕೊಂಡ ಹೋಗಿದ್ರಿ. ಯಾವುದೋ ಜೀವ ಸಾಯೂ ಹಂಗ ಮಾಡಿ ಬಂದ್ಲಂತ. ನಾ ಎರಡು ಏಟು ಹಾಕಿದೆ. ಆದ್ರೂ ಬಾಯಿ ಬಿಡವಲ್ಲಳು. ಒಟ್ಟ ಅಳೂದೂ ಇಲ್ಲ.”

ಮಹೇಶ್ವರಿ ಕಂಬಕ್ಕೆ ಆತು ಕೂತಳು. ತನಗಿಂತ ಹತ್ತು ವರ್ಷ ಹಿರಿಯಳಾದ ಹೆಂಗಸು ತನ್ನ ಪಾದ ಮುಟ್ಟಿದ ಜಾಗ ಸುಟ್ಟ ಹಾಗೆ ಉರಿಯುತ್ತಿತ್ತು. ಕರಿಯವ್ವ ಒಳಗೋಡಿ, ಬಿಸಿ ರೊಟ್ಟಿ, ಪುಂಡಿಪಲ್ಯ, ಒಂದು ಗಡ್ಡೆ ಬೆಲ್ಲ ತಾಟಿಗಿಟ್ಟು ಮುಂದೆ ತಂದಿಟ್ಟಳು. ಅಷ್ಟರಲ್ಲಿ ದುರ್ಗಾ ಕೊಡ ಹೊತ್ತು ಬಂದಳು. ಅಕ್ಕಾರು ಕೂತಿದ್ದನ್ನು ನೋಡಿದಳು, ತಾಟು ನೋಡಿದಳು, ಕೊಡ ಇಳಿಸಿ ಗೋಡೆಗೆ ಆತು ನಿಂತಳು. ಕೆನ್ನೆಯ ಮೇಲೆ ತಾಯಿಯ ಬೆರಳಿನ ಗುರುತು ಇನ್ನೂ ಇತ್ತು.

“ಆಕಿ ಮಾಡಿಲ್ಲ ಕರಿಯವ್ವ,” ಅಂದಳು ಮಹೇಶ್ವರಿ. “ತಗದಾಕಿ ನಾನು. ಮೂರೂ ದಿನ ನಾನ. ನಾಕ ಮಂದಿ ಮುಂದ ಈಕಿ ಮ್ಯಾಲ ಹಾಕಿ ಸುಮ್ಮನ ನಿಂತೆ.”

ಕರಿಯವ್ವ ಮಗಳ ಕೆನ್ನೆ ನೋಡಿದಳು. ತನ್ನ ಅಂಗೈ ನೋಡಿಕೊಂಡಳು. ಅದನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

“ನಿನಗ ಗೊತ್ತಿತ್ತಲ್ಲ ದುರ್ಗಾ. ಯಾಕ ಹೇಳಲಿಲ್ಲ ನೀನು?” ಮಹೇಶ್ವರಿ ಕೇಳಿದಳು. ಹುಡುಗಿ ತನ್ನ ಮೇಲಿನ ಗೌರವಕ್ಕೆ ಸುಮ್ಮನಿದ್ದಳು ಎಂಬ ಮಾತು ಕೇಳುವ ಆಸೆ ಆಗಲೂ ಒಳಗೊಳಗೆ ಇತ್ತು, ನಾಚಿಕೆಗೇಡು.

“ಹೇಳಿದ್ನಲ್ರಿ. ನಾ ನೀಲಿ ಹಾಕಿದ್ದೆ ಅಂತ ಎದ್ದ ನಿಂತ ಹೇಳಿದೆ. ಯಾರೂ ಕೇಳಲಿಲ್ಲ.”

ಮಹೇಶ್ವರಿ ತಾಟನ್ನು ಪಕ್ಕಕ್ಕೆ ಸರಿಸಿದಳು.

“ಇಲ್ಲಿ ನಮ್ಮ ಒಲಿ ಮುಂದ ಹೇಳಿದ್ರ ಏನ್ ಬಂತ್ರಿ ಅಕ್ಕಾರ,” ಎಂದಳು ದುರ್ಗಾ. “ಎಲ್ಲಿ ಅಂದಿರೋ ಅಲ್ಲೇ ಹೇಳ್ರಿ.”

ಎದ್ದು ಹೋಗಬೇಕೆಂದು ಮಹೇಶ್ವರಿ ನೆಲಕ್ಕೆ ಕೈಯೂರಿದಳು. ಕರಿಯವ್ವ ತಡೆದಳು. ಧ್ವನಿಯಲ್ಲಿ ಮೊದಲಿನ ಅಕ್ಕರೆ ಇರಲಿಲ್ಲ, ಸಿಟ್ಟೂ ಇರಲಿಲ್ಲ.

“ಉಂಡ ಹೋಗ್ರಿ. ಮುಂದ ಇಟ್ಟ ತಾಟು ಹಿಂದಕ ತಗಿಯೂದು ನಮ್ಮ ಮನ್ಯಾಗ ಇಲ್ಲ.”

ಆಕೆ ಉಂಡಳು. ಒಂದೂವರೆ ರೊಟ್ಟಿ, ಪಲ್ಯ, ಬೆಲ್ಲ. ತಾಯಿ ಮಗಳು ಇಬ್ಬರೂ ನೋಡುತ್ತ ನಿಂತಿದ್ದರು. ಒಂದೊಂದೇ ತುತ್ತು ಎಣಿಸಿದ ಹಾಗೆ ತಿಂದಳು. ಜನ್ಮದಲ್ಲಿ ಅಷ್ಟು ಉದ್ದದ ಊಟ ಆಕೆ ಮಾಡಿರಲಿಲ್ಲ.

ಸೋಮವಾರ ಪರದೆ ಹತ್ತಿದಾಗ ಮಹೇಶ್ವರಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮನೋಹರ ನಮಸ್ಕಾರ ಹೇಳುವುದರೊಳಗೇ ಶುರು ಮಾಡಿದಳು.

“ಪ್ರಿಯಾಂಕಾ ಅವರ, ಆ ನೂರಾ ಎರಡು ತಗದಾಕಿ ನಾನು. ದುರ್ಗಾ ಬರೋಬ್ಬರಿ ಗುರುತು ಹಾಕಿದ್ಲು, ನನ್ನ ಕೇಳಿದ್ಲು ಸೈತ. ಶುಕ್ರವಾರ ನಾ ಸುಳ್ಳ ಹೇಳಿದೆ.”

ಪ್ರಿಯಾಂಕಾ ಪಕ್ಕದವರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆ ಮಾತಿನ ನಡುವೆ ತನ್ನ ಹೆಸರು ಎರಡು ಸಲ ಬಂದದ್ದು ಮಹೇಶ್ವರಿಗೆ ಕೇಳಿಸಿತು. ಗಡ್ಡದ ಮನುಷ್ಯನೊಬ್ಬ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಯಾಕ ತಗದ್ರಿ?” ಪ್ರಿಯಾಂಕಾ ಕೇಳಿದಳು.

“ಬೀಜದ ಹೊಲದಾಗ ಬೆರಕಿ ತಗದ ಕೈ ರೀ ಇದು. ಹೊಂದಲಾರದ್ದು ಕಂಡ್ರ ಕೀಳತೈತಿ. ಸ್ವಚ್ಛ ಕಾಣಲಿ ಅಂತ.”

ಬ್ಯಾಡಗಿಯಲ್ಲಿ ಬೆಳೆದ ಪ್ರಿಯಾಂಕಾಳಿಗೆ ಬೆರಕೆಯ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಅರ್ಥವಾದದ್ದಕ್ಕೇ ಮುಂದಿನ ಪ್ರಶ್ನೆ ಬಂತು. ಮಹೇಶ್ವರಿ ಎರಡು ದಿನದಿಂದ ಹೆದರುತ್ತಿದ್ದುದು ಅದಕ್ಕೇ.

“ಇದೊಂದ ತಿಮಿಂಗಿಲದ್ದೇನ್ರಿ? ಬ್ಯಾರೆ ಫೈಲಿನಾಗೂ ತಗದೀರೇನು?”

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೂರಾ ಎರಡನ್ನು ಒಪ್ಪಿಕೊಂಡ ಧೈರ್ಯವಂತೆ ಎಂದು ನಾಲ್ಕು ಮಂದಿ ಹೊಗಳುತ್ತಲೂ ಇದ್ದರೋ ಏನೋ.

“ಎಲ್ಲಾದರಾಗೂ,” ಅಂದಳು. “ಹನ್ನೊಂದು ತಿಂಗಳು ನನ್ನ ಕೈಯಾಗ ಬಂದದ್ದು ಎಲ್ಲಾದರಾಗೂ ತಗದೇನಿ.”

ಮನೋಹರ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ಪ್ರಿಯಾಂಕಾ ಈ ಸಲ ಪಕ್ಕದವರಿಗೆ ಹೇಳಲು ಹೊತ್ತು ತೆಗೆದುಕೊಂಡಳು. ಆಮೇಲೆ ಮೆಲ್ಲಗೆ, “ಈ ಸಮುದ್ರದಾಗ ತಿಮಿಂಗಿಲ ಚಲೋ ಉಣ್ಣಾಕತ್ತಾವು ಅಂತ ಬರದ ಇಟ್ಟೇವ್ರಿ ನಾವು. ನಿಮ್ಮ ಫೈಲು ನೋಡಿ,” ಎಂದಳು. ಬೈಯಲಿಲ್ಲ. ಬೈದಿದ್ದರೆ ಮಹೇಶ್ವರಿ ತಲೆಯೆತ್ತಿ ನಿಲ್ಲಬಹುದಿತ್ತು.

ಒಂದು ವಾರ ಕೆಲಸ ಇರುತ್ತದೋ ಹೋಗುತ್ತದೋ ಎಂದು ಮಾಳಿಗೆಯ ಮಂದಿಯೆಲ್ಲ ಉಸಿರು ಹಿಡಿದಿದ್ದರು. ಆ ವಾರ ಮಹೇಶ್ವರಿಯ ಪಕ್ಕ ಯಾರೂ ಊಟಕ್ಕೆ ಕೂರಲಿಲ್ಲ, ಆಕೆಯೂ ಕರೆಯಲಿಲ್ಲ. ಕೊನೆಗೆ ಅಲ್ಲಿಂದ ಬಂದ ಮಾತು ಇಷ್ಟು: ಹನ್ನೊಂದು ತಿಂಗಳ ಫೈಲುಗಳನ್ನೆಲ್ಲ ಮೊದಲಿನಿಂದ ಮಾಡಬೇಕು, ಇನ್ನು ಮುಂದೆ ಪ್ರತಿಯೊಬ್ಬರೂ ಅವರವರ ಹೆಸರಿನಲ್ಲೇ ಒಳಹೋಗಬೇಕು, ದುರ್ಗಾಳನ್ನು ವಾಪಸ್ಸು ಕರೆಸಬೇಕು. ಮಹೇಶ್ವರಿಯ ವಿಷಯ ಮನೋಹರನಿಗೆ ಬಿಟ್ಟದ್ದು. ಆಕೆ ಅವನ ಮುಂದೆ ನಿಂತು, ಬೇಕಾದರೆ ತೆಗೆದುಹಾಕು, ಇಟ್ಟುಕೊಳ್ಳುವುದಾದರೆ ಮೊದಲನೆಯ ಕೈಯಾಗಿ ಇಟ್ಟುಕೋ, ತಿದ್ದುವುದಕ್ಕೆ ದುರ್ಗಾ ಇರಲಿ ಎಂದಳು. ಅವನು ಹ್ಞೂಂ ಅನ್ನದೆ ಉಹ್ಞೂಂ ಅನ್ನದೆ ಫೈಲುಗಳ ಪಟ್ಟಿಯನ್ನು ಆಕೆಯ ಮುಂದೆ ತಳ್ಳಿದ.

ದುರ್ಗಾ ಬಂದಳು. ಕರ್ಜಗಿಯ ಬಸ್ಸಿನಲ್ಲಿ, ಅದೇ ಡಬ್ಬಿ ಹಿಡಿದುಕೊಂಡು, ಏನೂ ಆಗಿಲ್ಲವೆಂಬಂತೆ. ಮಹೇಶ್ವರಿಗೆ “ಅಕ್ಕಾರ” ಎಂದೇ ಅಂದಳು. ಆ ಕರೆಯಲ್ಲಿ ಚುಚ್ಚು ಇದೆಯೇ ಎಂದು ಮಹೇಶ್ವರಿ ಕಿವಿಗೊಟ್ಟು ಹುಡುಕಿದಳು. ಸಿಗಲಿಲ್ಲ.

ಹದಿನೇಳನೆಯ ನಂಬರಿನ ಫೈಲನ್ನು ಮಹೇಶ್ವರಿ ತಾನಾಗಿಯೇ ಮೊದಲು ತೆರೆದಳು. ಸೋಮವಾರದ್ದು ಮೂವತ್ತನಾಲ್ಕು ಮರಳಿ ಹಾಕಿದಳು. ಮಂಗಳವಾರದ್ದು ಮೂವತ್ತಮೂರು. ಒಂದೊಂದನ್ನೂ ದೊಡ್ಡದು ಮಾಡಿ, ತಿಮಿಂಗಿಲ ಎಲ್ಲಿಂದ ನುಗ್ಗಿತು, ಎಲ್ಲಿ ಸೊಟ್ಟ ತಿರುಗಿತು ನೋಡಿ, ನೀಲಿ ಗುರುತಿಟ್ಟಳು. ಬುಧವಾರದ್ದಕ್ಕೆ ಬರುವ ಹೊತ್ತಿಗೆ ನುಗ್ಗುವ ವೇಗ ಕಡಿಮೆಯಾಗುತ್ತ ಬಂದಿತ್ತು. ಎರಡು ದಿನ ಹಿಡಿಯಿತು. ಇಷ್ಟು ನಿಗಾ ಇಟ್ಟು ಜನ್ಮದಲ್ಲಿ ಕೆಲಸ ಮಾಡಿರಲಿಲ್ಲ, ಇದರಲ್ಲಿ ಯಾರೂ ಬೆರಳು ತೋರಿಸಲಾರರು ಎಂದುಕೊಂಡು ಕುರ್ಚಿ ಬಿಟ್ಟು ಎದ್ದಳು.

ದುರ್ಗಾ ತನ್ನ ಹೆಸರಿನಲ್ಲಿ ಒಳಹೋಗಿ ಕೂತಳು. ಬಹಳ ಹೊತ್ತು ನೋಡಿದಳು.

“ಅಕ್ಕಾರ, ಬುಧವಾರದ್ದು ಒಂದು ಬಿಟ್ಟೀರಿ.”

“ಎಲ್ಲಿ? ಬಿಟ್ಟಿಲ್ಲಲ್ಲ.”

ದುರ್ಗಾ ಗೆರೆಯ ಕೊನೆಯನ್ನು ದೊಡ್ಡದು ಮಾಡಿದಳು. ಸಪಾಟು ಶುರುವಾಗುವ ಮೊದಲು ಅಲ್ಲೊಂದು ಸಣ್ಣ ತಗ್ಗು ಇತ್ತು. ಅಲೆಯ ಕುಲುಕಾಟ ಎಂದು ಅಂದುಕೊಳ್ಳಬಹುದಾದಷ್ಟು ಸಣ್ಣದು. ಮಹೇಶ್ವರಿ ಅದನ್ನು ನೋಡಿದ್ದಳು, ಈಗ ನೆನಪಾಯಿತು. ನೋಡಿ, ಇದು ಹೊಂದುವುದಿಲ್ಲ ಎಂದು ದಾಟಿಹೋಗಿದ್ದಳು. ಎಲ್ಲ ಗೊತ್ತಾದ ಮೇಲೆಯೂ ಕೈ ಅದನ್ನೇ ಮಾಡಿತ್ತು. ಪರದೆಯೊಳಗೆ ಶುಕ್ರವಾರದ ಮೂರು ಮುಖ ನೋಡಿದಾಗಲೂ ಇಷ್ಟು ನಾಚಿಕೆ ಆಗಿರಲಿಲ್ಲ.

“ಇದನ್ನೂ ಹಾಕ್ರಿ,” ಎಂದಳು ದುರ್ಗಾ, ಕುರ್ಚಿ ಬಿಟ್ಟು ಎದ್ದು. “ಅದು ಆಗಲೂ ಉಣ್ಣಾಕ ಹೋಗಿತ್ತು.”